ಟರ್ಕಿಯಲ್ಲಿ ತಿಂದ ಮೊಟ್ಟೆ

ಹೊರಡುವ ಮೊದಲು

ಟರ್ಕಿಗೆ ಹೋಗಿ ಬಂದೆ ಎಂದರೆ ಆದೋನಿಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಊಟಕ್ಕೇನು ಮಾಡಿದಿರಿ? ಸಮುದ್ರ ಹೇಗಿತ್ತು, ಮಸೀದಿಗಳು ಹೇಗಿದ್ದವು ಎಂದು ಯಾರೂ ಕೇಳುವುದಿಲ್ಲ. ನನ್ನ ಹಾಗೆ ಹತ್ತಿ ವ್ಯಾಪಾರದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರೂ ಅಲ್ಲಿಯ ಹತ್ತಿ ಹೇಗಿದೆ ಎಂದು ಕೇಳಲಿಲ್ಲ. "ರೊಟ್ಟಿ ಒಯ್ದಿದ್ದೆ" ಎಂದು ಎಲ್ಲರಿಗೂ ಉತ್ತರ ಕೊಟ್ಟಿದ್ದೇನೆ. ಅದು ಅರ್ಧ ನಿಜ. ಇನ್ನರ್ಧವನ್ನು ಇಲ್ಲಿ ಹೇಳಿಬಿಡುತ್ತೇನೆ.

ರೊಟ್ಟಿ ಒಯ್ದದ್ದಂತೂ ಹೌದು. ನಲವತ್ತು ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಸೊಸೆ ಶೈಲಜಾ ಎರಡು ದಿನ ಒಲೆ ಮುಂದೆ ಕೂತು ರೊಟ್ಟಿ ಬಡಿದು, ಹಳೆಯ ಧೋತರದಲ್ಲಿ ಸುತ್ತಿ, ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ ಕೊಟ್ಟಿದ್ದಳು. ನನ್ನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಮನೆಯಲ್ಲಿ ಇರುವವರು ನಾನು, ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು. ಅಡಿಗೆಮನೆಯ ಕೆಲಸ ಸೊಸೆಯದು, ಅಲ್ಲಿಯ ಕಾನೂನು ನನ್ನದು. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಮಾಂಸ ಹಾಗಿರಲಿ, ಮೊಟ್ಟೆಯ ಹೆಸರೂ ನಮ್ಮ ಮನೆಯಲ್ಲಿ ಎತ್ತಬಾರದು.

ಆ ಕಾನೂನಿನ ಕಥೆಯನ್ನು ಮೊದಲು ಹೇಳದಿದ್ದರೆ ಮುಂದಿನದ್ದು ಯಾವುದೂ ನಿಮಗೆ ತಿಳಿಯುವುದಿಲ್ಲ. ಮೊಮ್ಮಗಳು ದಿನ ತುಂಬುವ ಮೊದಲೇ ಇಲ್ಲಿ ಆದೋನಿಯ ಆಸ್ಪತ್ರೆಯಲ್ಲಿ ಹುಟ್ಟಿದಳು. ಬಾಣಂತಿಗೆ ತವರಿಗೆ ಹೋಗುವಷ್ಟು ತ್ರಾಣ ಇರಲಿಲ್ಲ. ಹಾಗಾಗಿ ಆಕೆಯ ತಾಯಿ, ನನ್ನ ಬೀಗತಿ ಗೌರಮ್ಮ, ಮದ್ದಿಕೇರದಿಂದ ಬಂದು ಬಾಣಂತನಕ್ಕೆ ನಮ್ಮ ಮನೆಯಲ್ಲೇ ನಿಂತರು. ಸೊಸೆಗೆ ಮೈಯಲ್ಲಿ ರಕ್ತವಿಲ್ಲ, ದಿನಕ್ಕೊಂದು ಮೊಟ್ಟೆ ಕೊಡಿ ಎಂದರು ಡಾಕ್ಟರಮ್ಮ. ಗೌರಮ್ಮ ನಮ್ಮವರೇ, ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ. ಆದರೂ ಅಂಗಡಿಗೆ ಹೋಗಿ, ಸೆರಗಿನಲ್ಲಿ ಮುಚ್ಚಿಕೊಂಡು ತಂದು, ಒಳಗಿನ ಒಲೆಗೆ ತಾಗಿಸದೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ತಾವು ಊರಿಂದ ತಂದಿದ್ದ ಪಾತ್ರೆಯಲ್ಲೇ ಬೇಯಿಸಿ ಮಗಳಿಗೆ ತಿನ್ನಿಸಿದರು.

ಎರಡನೆಯ ದಿನ ಅದು ನನ್ನ ಕಣ್ಣಿಗೆ ಬಿತ್ತು. ನಾನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರ ಪಾತ್ರೆಯನ್ನು ಕೋಲಿನಿಂದ ಎತ್ತಿ ಬೀದಿ ಕಡೆಯ ಕಾಂಪೌಂಡ್ ಗೋಡೆಯ ಮೇಲೆ ಇಟ್ಟೆ. ಹಿತ್ತಲಿಗೆಲ್ಲ ಸೆಗಣಿ ನೀರು ಹೊಡೆಸಿದೆ. ಅಯ್ಯನವರನ್ನು ಕರೆಸಿ ಮನೆ ತುಂಬ ತೀರ್ಥ ಹಾಕಿಸಿದೆ. ಓಣಿಯ ಜನ ಏನಾಯಿತು, ಏನಾಯಿತು ಎಂದು ಬಂದರು. ಗೌರಮ್ಮ ಮಧ್ಯಾಹ್ನದ ಬಸ್ಸಿಗೇ ಹೋದರು. ಮೊಮ್ಮಗಳ ತೊಟ್ಟಿಲಿಗೂ ಬರಲಿಲ್ಲ, ಆಮೇಲೆ ಈ ನಾಲ್ಕು ವರ್ಷದಲ್ಲಿ ನಮ್ಮ ಹೊಸ್ತಿಲು ತುಳಿದಿಲ್ಲ. ಸೊಸೆ ಅಂದಿನಿಂದ ನನ್ನ ಹತ್ತಿರ ಬೇಕಾದಷ್ಟು ಮಾತ್ರ ಮಾತಾಡುತ್ತಾಳೆ. ಅದು ಹಿರಿಯರಿಗೆ ಕೊಡುವ ಗೌರವ ಎಂದುಕೊಂಡು ನಾನು ಹಾಯಾಗಿದ್ದೆ.

ಇಜ್ಮಿರ್‌ನಿಂದಾಚೆ

ನಾನು ಹೋದದ್ದು ಹತ್ತಿಯಿಂದ ಬೀಜ ಬಿಡಿಸುವ ಹೊಸ ಜಿನ್ನಿಂಗ್ ಯಂತ್ರ ನೋಡಲು. ಯಂತ್ರ ಮಾಡುವ ಕಾರ್ಖಾನೆ ಇಜ್ಮಿರ್‌ನಿಂದಾಚೆ ಹತ್ತಿ ಹೊಲಗಳ ನಡುವಿನ ಒಂದು ಸಣ್ಣ ಊರಿನಲ್ಲಿತ್ತು. ಅಲ್ಲಿಯ ಎಂಜಿನಿಯರ್ ಎಮ್ರೆ ಎಂಬ ನಗುಮುಖದ ಹುಡುಗನಿಗೆ ನಾನು ಶಾಕಾಹಾರಿ ಎಂದು ಮೊದಲೇ ಬರೆದಿದ್ದೆ. "ನಮ್ಮೂರ ಹೋಟೆಲಿನಲ್ಲಿ ನಿಮಗೆ ಕಷ್ಟ, ನಮ್ಮ ಮನೆಯಲ್ಲೇ ಇರಿ" ಎಂದು ಆತ ಹಟ ಹಿಡಿದ. ಹೀಗೆ ಮೀಸೆ ಬೆಳ್ಳಗಾದ ಮೇಲೆ ಮೊದಲ ಸಲ ಪರದೇಶಕ್ಕೆ ಹೋದವನು ಪರರ ಮನೆಯಲ್ಲಿ ಏಳು ದಿನ ತಳ ಊರಿದೆ.

ದಾರಿಯುದ್ದಕ್ಕೂ ಹತ್ತಿ ಬಿರಿದು ನಿಂತಿತ್ತು. ಮಣ್ಣು ನಮ್ಮ ಎರೆಹೊಲದ ಕಪ್ಪಲ್ಲ, ಬೂದಿ ಬಣ್ಣ. ಆದರೆ ಹೊಲದಲ್ಲಿ ಒಬ್ಬರೂ ಇಲ್ಲ. ನಮ್ಮಲ್ಲಾದರೆ ಈ ಕಾಲಕ್ಕೆ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸರು ಸಾಲು ಹಿಡಿದು, ತೆಲುಗಿನಲ್ಲಿ ಹಾಡಿ ಕನ್ನಡದಲ್ಲಿ ಜಗಳವಾಡುತ್ತ ಹತ್ತಿ ಬಿಡಿಸುತ್ತಿರುತ್ತಾರೆ. ಅಲ್ಲಿ ಮನೆಯಷ್ಟು ದೊಡ್ಡ ಯಂತ್ರವೊಂದು ಒಬ್ಬನೇ ಡ್ರೈವರನೊಂದಿಗೆ ಓಡಾಡುತ್ತಿತ್ತು. ಹೊಲ ಬಿಕೋ ಎನ್ನುತ್ತಿತ್ತು.

ಮನೆಯಲ್ಲಿ ಎಮ್ರೆಯ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಾಗಿಲಲ್ಲೇ ಕಾದಿದ್ದರು. ಹೆಸರು ಹತಿಜೆ. ನನಗಿಂತ ಏಳೆಂಟು ವರ್ಷ ದೊಡ್ಡವರು. ನಾನು ನಮ್ಮ ರೂಢಿಯಂತೆ ಹತಿಜಮ್ಮ ಎಂದೆ, ಅವರೂ ಓಗೊಟ್ಟರು. ಚಪ್ಪಲಿ ಬಿಡಿಸಿ, ಮನೆಯೊಳಗೆ ಹಾಕಲು ಬೇರೆ ಚಪ್ಪಲಿ ಕೊಟ್ಟರು. ಕೂರಿಸಿ, ಅಂಗೈ ಒಡ್ಡಿಸಿ, ಒಂದು ಸೀಸೆಯಿಂದ ನಿಂಬೆಯ ಪರಿಮಳದ ನೀರು ಸುರಿದರು. ಜೀವಮಾನವೆಲ್ಲ ಅಂಗೈಗೆ ಬಿದ್ದ ನೀರನ್ನು ತೀರ್ಥವೆಂದೇ ತಿಳಿದವನು ನಾನು. ಭಕ್ತಿಯಿಂದ ಕುಡಿದೇಬಿಟ್ಟೆ. ನಾಲಿಗೆಯಿಂದ ಗಂಟಲಿನವರೆಗೆ ಬೆಂಕಿ ಹತ್ತಿತು. ಅದು ಕೈಗೆ, ಮುಖಕ್ಕೆ ಸವರಿಕೊಳ್ಳುವ ಅತ್ತರಿನಂಥದ್ದಂತೆ. ಎಮ್ರೆ ಬಿದ್ದು ಬಿದ್ದು ನಕ್ಕ. ಹತಿಜಮ್ಮ ಮಾತ್ರ ಅಳಿಯನನ್ನು ಗದರಿಸಿ ನನಗೆ ನೀರು ತಂದುಕೊಟ್ಟರು.

ಎರಡನೆಯ ದಿನ: ರೊಟ್ಟಿಯ ಗತಿ

ಮರುದಿನ ನಾನು ಸ್ನಾನ, ಪೂಜೆ ಮುಗಿಸಿ ಬರುವಷ್ಟರಲ್ಲಿ ಹತಿಜಮ್ಮ, ನಾನು ಹಿಂದಿನ ದಿನ ಅವರ ಕೈಗೆ ಕೊಟ್ಟಿದ್ದ ರೊಟ್ಟಿಯ ಡಬ್ಬಿ ತೆರೆದುಕೊಂಡು ಕೂತಿದ್ದರು. ಅವರ ಮುಖ ಅರಳಿತ್ತು. ನನ್ನ ಕೈಹಿಡಿದು ಅಡಿಗೆಮನೆಯ ಮೂಲೆಗೆ ಕರೆದೊಯ್ದು ಒಂದು ಬಟ್ಟೆ ಸರಿಸಿದರು. ನೋಡಿದರೆ ಅಲ್ಲಿಯೂ ರೊಟ್ಟಿಯ ಒಟ್ಟಿಲು! ಗೋದಿಯದು, ನಮ್ಮದಕ್ಕಿಂತ ಅಗಲ, ತೆಳ್ಳಗೆ, ಒಣಗಿ ಕಡಕ್ಕಾದದ್ದು. ಎಷ್ಟೋ ದಿನಕ್ಕೆ ಆಗುವಷ್ಟು ಒಮ್ಮೆಲೇ ಮಾಡಿ ಇಟ್ಟುಕೊಳ್ಳುತ್ತಾರಂತೆ. ಇಷ್ಟು ದೂರ ಬಂದು ನಮ್ಮ ಮನೆಯ ಮೂಲೆಯನ್ನೇ ನೋಡಿದಂತಾಗಿ ನನಗೂ ಸಂತೋಷವಾಯಿತು. ಆ ಸಂತೋಷದಲ್ಲಿ ಮುಂದಿನ ಅನಾಹುತ ಗಮನಕ್ಕೆ ಬರಲಿಲ್ಲ.

ಅವರು ತಮ್ಮ ರೊಟ್ಟಿಯನ್ನು ಕಡಕ್ಕಾಗಿ ತಿನ್ನುವುದಿಲ್ಲ. ಉಣ್ಣುವ ಮೊದಲು ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗೆ ಮಾಡಿಕೊಳ್ಳುತ್ತಾರೆ. ದೂರದಿಂದ ಬಂದವನ ಹಲ್ಲಿಗೆ ತೊಂದರೆಯಾಗಬಾರದೆಂದು ಆ ಪುಣ್ಯಾತ್ಗಿತ್ತಿ ನನ್ನ ಅಷ್ಟೂ ರೊಟ್ಟಿಗೆ ಹಿಂದಿನ ಸಂಜೆಯೇ ನೀರು ಚಿಮುಕಿಸಿ ಸುತ್ತಿಟ್ಟಿದ್ದರು. ಕಡಕ್ ರೊಟ್ಟಿ ತೊಯ್ದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಎರಡನೆಯ ದಿನ ಹೇಗೋ ಹರಿದು ತಿಂದೆ. ಮೂರನೆಯ ಬೆಳಿಗ್ಗೆ ಡಬ್ಬಿ ತೆರೆದರೆ ಹುಳಿ ವಾಸನೆ, ಅಲ್ಲಲ್ಲಿ ಬೂಷ್ಟು.

ಹತಿಜಮ್ಮನಿಗೆ ಆದ ಸಂಕಟ ನೋಡಲಾಗಲಿಲ್ಲ. ಅಲ್ಲಿ ನೆಲಕ್ಕೆ ಬಿದ್ದ ಬ್ರೆಡ್ಡಿನ ತುಂಡನ್ನೂ ಎತ್ತಿ, ಮುತ್ತಿಟ್ಟು, ಹಣೆಗೆ ಒತ್ತಿಕೊಳ್ಳುತ್ತಾರೆ. ನಾವು ಅನ್ನಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಹಾಗೆಯೇ. ಅಂಥವರು ಮೂವತ್ತಕ್ಕೂ ಹೆಚ್ಚು ರೊಟ್ಟಿಯನ್ನು ಕೋಳಿಗೆ ಹಾಕಬೇಕಾಯಿತು. ಹಾಕುವಾಗ ಒಂದೊಂದನ್ನೂ ಹಣೆಗೆ ಒತ್ತಿಕೊಂಡರು. "ಇದನ್ನು ಯಾರು ಮಾಡಿದ್ದು?" ಎಂದು ಎಮ್ರೆಯ ಮೂಲಕ ಕೇಳಿದರು. "ಸೊಸೆ" ಎಂದೆ. "ಅವಳ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳಿ" ಎಂದರು. ಸೊಸೆಯ ಹತ್ತಿರ ಕ್ಷಮೆ ಕೇಳುವುದೆಂಬ ಮಾತು ನನ್ನ ಕಿವಿಗೆ ಹೊಸದು.

ಮೂರನೆಯ ಬೆಳಿಗ್ಗೆ

ಅದೇ ಬೆಳಿಗ್ಗೆ ಮೇಜಿನ ನಡುವೆ ಒಂದು ಬಾಣಲೆ ಬಂತು. ಕೆಂಪಗೆ ಕುದಿಯುತ್ತಿರುವ ಟೊಮೆಟೊ, ನಡುನಡುವೆ ಹಸಿರು ಮೆಣಸಿನಕಾಯಿ, ಅದರೊಳಗೆ ಹಳದಿ ಬಿಳಿ ಮೋಡದಂತೆ ಹರಡಿದ ಮೊಟ್ಟೆ. ಹೆಸರು ಮೆನೆಮೆನ್. ಅತಿಥಿಗೆ ಮಾಂಸ ಬೇಡ ಎಂದು ಎಮ್ರೆ ಹೇಳಿದ್ದ. ಮೊಟ್ಟೆಯೂ ಬೇಡ ಎಂದು ಹೇಳುವುದು ಅವನಿಗೂ ನನಗೂ ಹೊಳೆದಿರಲಿಲ್ಲ. ತಟ್ಟೆಗಳಿಲ್ಲ. ಎಲ್ಲರೂ ಒಂದೇ ಬಾಣಲೆಗೆ ಬ್ರೆಡ್ ಅದ್ದಿ ತಿನ್ನುವುದು. ಮೊಟ್ಟೆಯೂ ಆಯಿತು, ಎಂಜಲೂ ಆಯಿತು.

ಹಸಿವು ತಾಳದೆ ತಿಂದೆ ಎಂದು ಬರೆದರೆ ನಿಮಗೆ ಕನಿಕರ ಬರಬಹುದು. ಆದರೆ ಅದು ಸುಳ್ಳು. ಮೇಜಿನ ಮೇಲೆ ಬ್ರೆಡ್ ಇತ್ತು, ಆಲಿವ್ ಕಾಯಿ ಇತ್ತು, ಪನೀರು, ಸೌತೆಕಾಯಿ, ಜೇನು ಎಲ್ಲ ಇತ್ತು. "ನಮ್ಮಲ್ಲಿ ಇದು ನಡೆಯುವುದಿಲ್ಲ ತಾಯಿ" ಎಂದು ಒಂದು ಮಾತು ಹೇಳಿದ್ದರೆ ಅವರು ಬಾಣಲೆ ಎತ್ತಿಬಿಡುತ್ತಿದ್ದರು. ರೊಟ್ಟಿ ಕೆಡಿಸಿದೆನಲ್ಲ ಎಂದು ಮುಖ ಸಣ್ಣದು ಮಾಡಿಕೊಂಡು, ನನ್ನ ಮೊದಲ ತುತ್ತಿಗಾಗಿ ಕಾಯುತ್ತ ನಿಂತಿದ್ದ ಆ ಹೆಂಗಸಿನ ಮನಸ್ಸು ನೋಯಿಸಲಾರದೆ ತಿಂದೆ. ಬ್ರೆಡ್ಡಿನ ತುಂಡು ಅದ್ದಿ ಬಾಯಿಗೆ ಇಟ್ಟೆ. ಕೊರಳಲ್ಲಿ ಲಿಂಗ ಇದ್ದಲ್ಲೇ ಇತ್ತು. ಅದು ಬಿಸಿಯಾಗಲಿಲ್ಲ, ಭಾರವೂ ಆಗಲಿಲ್ಲ. ರುಚಿಯಾಗಿತ್ತು ಎನ್ನುವುದನ್ನೂ ಬರೆದುಬಿಡುತ್ತೇನೆ. ಎರಡನೆಯ ತುತ್ತಿಗೆ ಯಾರೂ ಒತ್ತಾಯ ಮಾಡಲಿಲ್ಲ, ನಾನೇ ಕೈ ಹಾಕಿದೆ.

ಮೆನೆಮೆನ್‌ಗೆ ಈರುಳ್ಳಿ ಹಾಕಬೇಕೋ ಬೇಡವೋ ಎಂಬುದು ಅಲ್ಲಿ ದೊಡ್ಡ ಜಗಳದ ವಿಷಯ. ಎಮ್ರೆಗೆ ಈರುಳ್ಳಿ ಬೇಕು, ಅತ್ತೆಗೆ ಕೂಡದು. ಇಬ್ಬರೂ ನನ್ನ ಅಭಿಪ್ರಾಯ ಕೇಳಿದರು. ಮೊಟ್ಟೆ ಕಂಡು ಸೆಗಣಿ ನೀರು ಹೊಡೆಸಿದವನನ್ನು ಈರುಳ್ಳಿಯ ಪಂಚಾಯಿತಿಗೆ ಕೂರಿಸಿದ್ದರು. ನಾನು ಹತಿಜಮ್ಮನ ಪಕ್ಷ ಸೇರಿದೆ. ಮರುದಿನವೂ ತಿಂದೆ, ಅದರ ಮರುದಿನವೂ ತಿಂದೆ.

ಆರನೆಯ ದಿನ: ಹೊಸ ಬಾಣಲೆ

ಆರನೆಯ ದಿನ ಕಾರ್ಖಾನೆಯಲ್ಲಿ ಚಹಾ ಕುಡಿಯುವಾಗ ಎಮ್ರೆ ತಮಾಷೆಗೆ ಹೇಳಿದ: "ನೀವು ಬಂದಾಗಿನಿಂದ ನಾನು ಮಾಂಸ ತಿನ್ನಲು ಚಿಕ್ಕತ್ತೆಯ ಮನೆಗೆ ಹೋಗುತ್ತಿದ್ದೇನೆ." ಏಕೆ ಎಂದೆ. ನಾನು ಬರುವ ಹಿಂದಿನ ದಿನವೇ ಹತಿಜಮ್ಮ ಮನೆಯಲ್ಲಿದ್ದ ಮಾಂಸವನ್ನೆಲ್ಲ ತಂಗಿಯ ಮನೆಗೆ ಸಾಗಿಸಿದ್ದರಂತೆ. ಫ್ರಿಜ್ಜು ತೊಳೆದಿದ್ದರಂತೆ. ಹಳೆಯ ಬಾಣಲೆಗಳಲ್ಲಿ ಮಾಂಸದ ವಾಸನೆ ಉಳಿದಿರುತ್ತದೆ, ಅತಿಥಿಯ ದೇವರು ಒಪ್ಪಲಿಕ್ಕಿಲ್ಲ ಎಂದು ಹೊಸ ಬಾಣಲೆ ಕೊಂಡು ತಂದಿದ್ದರಂತೆ. ನನಗೆ ಇದನ್ನು ಹೇಳಕೂಡದೆಂದು ಎಲ್ಲರಿಗೂ ತಾಕೀತು ಮಾಡಿದ್ದರಂತೆ.

ಕೈಯಲ್ಲಿದ್ದ ಚಹಾ ಹಾಗೇ ತಣ್ಣಗಾಯಿತು. ಮತ ಬೇರೆ, ಮಾತು ಬೇರೆ ಇರುವ ಹೆಂಗಸು ಗುರುತಿಲ್ಲದವನಿಗಾಗಿ, ಹೇಳಿಕೊಳ್ಳದೆ ಮನೆ ಶುದ್ಧ ಮಾಡಿದ್ದರು. ನಾನು ಊರಿಗೆಲ್ಲ ತೋರಿಸಿ ಶುದ್ಧ ಮಾಡಿದ್ದೆ. ಗೋಡೆಯ ಮೇಲಿದ್ದ ಗೌರಮ್ಮನ ಪಾತ್ರೆ ಅಂದು ಕಣ್ಣ ಮುಂದೆ ಬಂದು ಕೂತಿತು, ಎಷ್ಟು ಮಾಡಿದರೂ ಹೋಗಲಿಲ್ಲ. ಇಲ್ಲಿ ಈ ತಾಯಿಯ ಮುಖ ನೋಡಿ ಮೊಟ್ಟೆ ತಿಂದವನಿಗೆ ಅಲ್ಲಿ ಆ ತಾಯಿಯ ಮುಖ ಏಕೆ ಕಾಣಲಿಲ್ಲ? ನನಗೆ ನಾಚಿಕೆಯಾಯಿತು.

ಸಂಜೆ ಫೋನಿನಲ್ಲಿ ಮನೆಯವರ ಫೋಟೋ ತೋರಿಸಿದೆ. ಹತಿಜಮ್ಮ ಕನ್ನಡಕ ಏರಿಸಿಕೊಂಡು ಮೊಮ್ಮಗಳಿಗೆ ಮುತ್ತಿಟ್ಟು, ಶೈಲಜಾಳ ಮೇಲೆ ಬೆರಳಿಟ್ಟು ಏನೋ ಕೇಳಿದರು. "ಬಹಳ ಸೊರಗಿದ್ದಾಳೆ, ಹೆರಿಗೆಯಾದಾಗ ಏನು ತಿನ್ನಿಸಿದಿರಿ ಅಂತ ಕೇಳುತ್ತಿದ್ದಾರೆ" ಎಂದ ಎಮ್ರೆ. "ಹಾಲು" ಎಂದೆ. ಅವರು ತಲೆ ಅಲ್ಲಾಡಿಸಿದರು. ನನ್ನನ್ನು ಎಬ್ಬಿಸಿ ಒಲೆಯ ಮುಂದೆ ನಿಲ್ಲಿಸಿ ಸೌಟು ಕೈಗೆ ಕೊಟ್ಟರು.

ಹುಟ್ಟಿದಾಗಿನಿಂದ ಒಲೆ ಹಚ್ಚಿ ಗೊತ್ತಿಲ್ಲದ ಮನುಷ್ಯ ನಾನು. ಎಣ್ಣೆಗೆ ಮೆಣಸಿನಕಾಯಿ ಹಾಕಿ ಅದು ಮೆತ್ತಗಾಗುವವರೆಗೆ ಬಾಡಿಸಬೇಕು. ಆಮೇಲೆ ಸಿಪ್ಪೆ ತೆಗೆದು ಕೊಚ್ಚಿದ ಟೊಮೆಟೊ. ಅದರ ನೀರು ಇಂಗುವವರೆಗೆ ಸುಮ್ಮನೆ ಕಾಯಬೇಕು. ನಾನು ಆತುರಪಟ್ಟು ನೀರಿರುವಾಗಲೇ ಮೊಟ್ಟೆ ಒಡೆಯಹೋದೆ. ಹತಿಜಮ್ಮ ಕೈಮೇಲೆ ಒಂದು ಕೊಟ್ಟರು. ಒಡೆದ ಮೇಲೆ ಗರಗರ ತಿರುಗಿಸಹೋದೆ, ಇನ್ನೊಂದು ಕೊಟ್ಟರು. ಎರಡು ಸಲ ಮೆಲ್ಲಗೆ ತಿರುವಿ, ಮೊಟ್ಟೆ ಇನ್ನೂ ಸ್ವಲ್ಪ ಹಸಿಯಿದೆ ಎನ್ನುವಾಗಲೇ ಇಳಿಸಬೇಕು. ಉಳಿದದ್ದನ್ನು ಬಾಣಲೆಯ ಬಿಸಿಯೇ ಮಾಡುತ್ತದೆ. ನನ್ನದು ಮೊದಲ ಸಲ ತಳ ಹಿಡಿಯಿತು. ಎರಡನೆಯದು ಅಡ್ಡಿಯಿಲ್ಲ ಎಂದರು. ಹೊರಡುವ ದಿನ ಬಾಗಿಲಲ್ಲಿ ನಿಂತು, "ಸೊಸೆಗೆ ಮಾಡಿಕೊಡಿ" ಎಂದು ಮೂರು ಸಲ ಹೇಳಿ ಕಳಿಸಿದರು.

ಆದೋನಿ

ಬಂದು ಹತ್ತು ದಿನ ನಾನು ಬಾಯಿ ಬಿಡಲಿಲ್ಲ. ಹನ್ನೊಂದನೆಯ ದಿನ ಮಗ ನಮ್ಮ ಹತ್ತಿಯ ಜಿನ್ನಿಂಗ್ ಮಿಲ್ಲಿಗೆ ಹೋದ ಮೇಲೆ ಚೀಲ ಹಿಡಿದು ಪೇಟೆಗೆ ಹೊರಟೆ. ಪತ್ತಿಕೊಂಡದಿಂದ ಬಂದ ಟೊಮೆಟೊ, ಮಿರ್ಚಿ ಬಜ್ಜಿಗೆ ಹಾಕುವ ಉದ್ದ ಮೆಣಸಿನಕಾಯಿ ತಗೊಂಡೆ. ಮೊಟ್ಟೆಯ ಅಂಗಡಿಯ ಮುಂದೆ ಎರಡು ಸಲ ಅತ್ತಿಂದಿತ್ತ ನಡೆದೆ. ಅಂಗಡಿಯವನಿಗೆ ನನ್ನ ಗುರುತಿತ್ತು.

"ಏಂ ಸೌಕಾರ್ರೇ, ಗುಡ್ಲಾ? ಎವರಿಕಂಡಿ? ಜಿನ್ನಿನ್ಯಾಗಿನ ಆಳುಗಳಿಗೇನ್ರಿ?" ಎಂದು, ಮೊಟ್ಟೆ ಯಾರಿಗೆಂದು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಕೇಳಿದ.

"ಹೂಂ, ಆಳುಗಳಿಗೆ" ಎಂದೆ. ಗೌರಮ್ಮ ಸೆರಗಿನಲ್ಲಿ ಮುಚ್ಚಿ ತಂದದ್ದು ಹೆದರಿಕೆಗೆ, ಆದರೆ ಮಗಳಿಗಾಗಿ. ನಾನು ಯಾರಿಗೂ ಹೆದರಬೇಕಾಗಿಲ್ಲದ ವಯಸ್ಸಿನಲ್ಲಿ ಸುಳ್ಳು ಹೇಳಿ ತಂದೆ.

ಅಡಿಗೆಮನೆಗೆ ಕಾಲಿಟ್ಟಾಗ ಶೈಲಜಾ ರೊಟ್ಟಿ ಬಡಿಯುತ್ತಿದ್ದಳು. ಚೀಲದಿಂದ ಮೊಟ್ಟೆ ತೆಗೆದಿಟ್ಟೆ. ಬಡಿಯುವ ಕೈ ನಿಂತಿತು. "ಸ್ವಲ್ಪ ಸರಕೋ ಅವ್ವ, ಒಲಿ ಬೇಕು ನನಗ" ಎಂದೆ. ಆಕೆ ಎದ್ದು ಗೋಡೆಗೆ ಒರಗಿ ನಿಂತಳು. ಆಲಿವ್ ಎಣ್ಣೆಯ ಬದಲು ಶೇಂಗಾ ಎಣ್ಣೆ ಹಾಕಿದೆ. ನಮ್ಮ ಟೊಮೆಟೊ ಹುಳಿ, ನೀರೂ ಹೆಚ್ಚು. ಅದು ಇಂಗುವವರೆಗೆ ಮಾವ ಸೊಸೆ ಇಬ್ಬರೂ ಬಾಣಲೆಯನ್ನೇ ನೋಡುತ್ತ ನಿಂತಿದ್ದೆವು. ಮೊಟ್ಟೆ ಒಡೆಯುವಾಗ ಚಿಪ್ಪಿನ ಚೂರು ಒಳಗೆ ಬಿತ್ತು. ಆಕೆಯೇ ಬಂದು ಚಮಚದ ತುದಿಯಿಂದ ಅದನ್ನು ತೆಗೆದಳು.

"ನೀವು ತಿಂದೀರೇನ್ರಿ ಮಾವಾರ ಇದನ್ನ?"

"ತಿಂದೀನವ್ವ. ಅಲ್ಲಿ. ದಿನಾ."

"ಈಗ ನನಗ ರಕ್ತ ಸರಿ ಐತ್ರಿ. ಬೇಕಾಗಿದ್ದು ಆವಾಗ್ರಿ" ಎಂದಳು. ದನಿ ಏರಿಸಲಿಲ್ಲ. ನಾಲ್ಕು ವರ್ಷದಲ್ಲಿ ಆಕೆ ನನಗೆ ಆಡಿದ ಮೊದಲ ನಿಜವಾದ ಮಾತು ಅದು. ಆಮೇಲೆ ಮಾಡಿದ್ದನ್ನು ಕೆಡಿಸಬಾರದೆಂದೋ ಏನೋ, ಒಂದು ಬಿಸಿ ರೊಟ್ಟಿ ಮುರಿದುಕೊಂಡು ನಿಂತೇ ನಾಲ್ಕು ತುತ್ತು ತಿಂದಳು. ಮಗಳ ಬಾಯಿಗೂ ಒಂದು ತುತ್ತಿಟ್ಟಳು. ಬಾಣಲೆ ಬೆಳಗುತ್ತ ಹೇಳಿದಳು:

"ಇದನ್ನ ನಮ್ಮವ್ವಗ ಹೇಳ್ರಿ ಮಾವಾರ. ನಾ ಎಷ್ಟ್ ಹೇಳಿದ್ರೂ ಆಕಿ ಕೇಳೂದಿಲ್ಲ. ನೀವ ಹೋಗಿ ಹೇಳಬೇಕು."

ಗೌರಮ್ಮನ ಸಿಟ್ಟು ಇಳಿದಿಲ್ಲ, ಮಗಳು ಸಮಾಧಾನ ಹೇಳಿ ಸೋತಿದ್ದಾಳೆ ಎಂದು ನಾನು ಅರ್ಥ ಮಾಡಿಕೊಂಡೆ.

ಮದ್ದಿಕೇರ

ಪ್ರವಾಸದ ಕಥೆ ಮನೆ ತಲುಪಿದಲ್ಲಿಗೆ ಮುಗಿಯಬೇಕು. ನನ್ನದಕ್ಕೆ ಇನ್ನೊಂದು ಊರು ಬಾಕಿಯಿತ್ತು. ಟರ್ಕಿಗೆ ಹೋಗುವಾಗ ಇಲ್ಲದ ಹೆದರಿಕೆ ಮದ್ದಿಕೇರದ ಬಸ್ಸು ಹತ್ತುವಾಗ ಇತ್ತು. ಒಳ್ಳೆಯ ದಿನ, ಶಿವನ ವಾರ ಎಂದು ಸೋಮವಾರವನ್ನೇ ಆರಿಸಿಕೊಂಡಿದ್ದೆ. ಅವರು ಬೈದರೆ ಬೈಸಿಕೊಂಡು ಬರಬೇಕು, ಎದುರಾಡಬಾರದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಗೌರಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು, "ಬರ್ರಿ ಬೀಗರ. ಶೈಲಾ ಆರಾಮ ಅದಾಳೇನ್ರಿ? ಕೂಸು?" ಎಂದರು.

"ಎಲ್ಲಾರೂ ಆರಾಮ ಅದಾರ್ರಿ ಅಕ್ಕಾರ. ನಾ ಒಂದ್ ಮಾತು ಹೇಳಾಕ ಬಂದೀನಿ."

"ಮೊದ್ಲು ಕೈಕಾಲು ತೊಳಕೊಂಡು ಉಂಡ್ ಬಿಡ್ರಿ. ದೂರಿಂದ ಬಂದೀರಿ."

ಒಂದೇ ತಾಟು ಹಾಕಿದರು. ರೊಟ್ಟಿ, ಪುಂಡಿಪಲ್ಯ, ಮೊಸರು. ಬೀಸಣಿಗೆ ಹಿಡಿದು ಎದುರಿಗೆ ಕೂತರು. ಎಲ್ಲಿಯೂ ಸಿಟ್ಟಿನ ಗುರುತಿಲ್ಲ. ನನಗೆ ಗೊಂದಲವಾಯಿತು. "ನೀವು ಉಣ್ಣೂದಿಲ್ಲೇನ್ರಿ?" ಎಂದೆ.

"ನಂದು ಸೋಮಾರ ಉಪಾಸ ಐತ್ರಿ."

"ಶ್ರಾವಣದಾಗ ಅಷ್ಟ ಮಾಡ್ತಿದ್ರಲ್ರಿ ನೀವು?"

"ಮೊದ್ಲು ಅಷ್ಟ ಇತ್ರಿ. ಆದೋನಿಯಿಂದ ಬಂದ ಮ್ಯಾಲ ಎಲ್ಲಾ ಸೋಮಾರ ಹಿಡದೀನಿ." ಅವರು ತಲೆ ತಗ್ಗಿಸಿದರು. "ಲಿಂಗ ಕಟ್ಟಿದ ಮನ್ಯಾಗ ತತ್ತಿ ಕುದಿಸಿಬಿಟ್ಟೆನಲ್ರಿ ನಾನು. ನೀವು ಒಂದ್ ಬೈಗಳ ಬೈಲಿಲ್ಲ, ದೊಡ್ಡ ಮನಸ್ಸು ನಿಮ್ದು. ಆದ್ರ ಶಿವ ಬಿಡ್ತಾನೇನ್ರಿ? ಆ ಪಾಪ ಮಗಳಿಗಿ, ಕೂಸಿಗಿ ತಟ್ಟೂದು ಬ್ಯಾಡ, ನನಗಿರ್ಲಿ ಅಂತ ಬೇಡಿಕೊಂಡು ಹಿಡದೀನಿ. ನಿಮ್ಮನಿಗಿ ಯಾವ ಮಾರಿ ಇಟ್ಕೊಂಡು ಬರ್ಲಿ ಹೇಳ್ರಿ."

ಈ ಹೆಂಗಸು ನನ್ನ ಮೇಲೆ ಸಿಟ್ಟಿನಿಂದ ಬಾರದೆ ಕೂತಿದ್ದಾರೆಂದು ನಾಲ್ಕು ವರ್ಷ ನಂಬಿದ್ದೆ. ಎಷ್ಟೋ ಸಲ ಅದನ್ನು ಸೊಕ್ಕು ಎಂದೂ ಕರೆದಿದ್ದೆ.

ತಾಟು ಸರಿಸಿ ಎಲ್ಲವನ್ನೂ ಹೇಳಿದೆ. ಹತಿಜಮ್ಮನ ಮನೆ, ಒಂದೇ ಬಾಣಲೆಯಲ್ಲಿ ದಿನಾ ತಿಂದದ್ದು, ಹಸಿವಿಲ್ಲದೆಯೂ ತಿಂದದ್ದು, ಕೈಯಾರೆ ಮಾಡಲು ಕಲಿತದ್ದು, ಮೊನ್ನೆ ನಮ್ಮ ಒಲೆಯ ಮೇಲೇ ಮಾಡಿದ್ದು, ಅವರ ಮಗಳು ನಾಲ್ಕು ತುತ್ತು ತಿಂದದ್ದು. "ನಿಮ್ದು ಏನೂ ತಪ್ಪಿಲ್ರಿ ಅಕ್ಕಾರ. ಬಾಣಂತಿಗೆ ಕೊಟ್ಟಿದ್ದು ಪಾಪ ಅಲ್ರಿ. ನಾ ಮಾಡಿದ್ದು ಪಾಪ" ಎಂದೆ.

ಬೀಸಣಿಗೆ ನಿಂತಿತು. ಗೌರಮ್ಮ ನನ್ನನ್ನೇ ನೋಡಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವಂತೆ ಕೇಳಿದರು:

"ಹಂಗಾರ ಈ ನಾಕು ವರ್ಷ ನಾ ಯಾರ್ ಪಾಲಿನ ಉಪಾಸ ಮಾಡಿದೆ ಬೀಗರ?"

"ನಂದ್ರಿ" ಎಂದೆ.

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಅಳುವ ಸದ್ದು ಪಡಸಾಲೆಯವರೆಗೂ ಕೇಳುತ್ತಿತ್ತು. ನಾನು ಎದ್ದು ನನ್ನ ತಾಟನ್ನು ನಾನೇ ತೊಳೆದಿಟ್ಟೆ.